ಗೋಡೆಯಾಚೆ ಕೊಟ್ಟ ಕೂಸು

ನನ್ನ ಹೆಂಡತಿ ಮಕ್ಕಳ ಸಲುವಾಗಿ ನೌಕರಿ ಬಿಟ್ಟಳು ಎಂದು ನಮ್ಮ ಬಳಗದವರು ಈಗಲೂ ಹೇಳುತ್ತಾರೆ. ಹೋದ ವರ್ಷ ಅವಳು ತೀರಿಕೊಂಡಾಗ ಮಾತನಾಡಿಸಲು ಬಂದ ಹಿರಿಯರೊಬ್ಬರು ಎಲ್ಲರೆದುರು ಅದನ್ನೇ ಹೊಗಳಿಕೆಯಾಗಿ ಆಡಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಅವಳು ನೌಕರಿ ಬಿಡಲಿಲ್ಲ, ನಾನು ಬಿಡಿಸಿದೆ. ಹೇಗೆ ಬಿಡಿಸಿದೆ ಎಂಬುದನ್ನು ಈಗಲಾದರೂ ಬರೆದಿಡಬೇಕು.

ಆಗ ನಾವು ಲಿಂಗಸುಗೂರಿನಲ್ಲಿದ್ದೆವು. ನಿಜಾಮರ ಆಳಿಕೆ ಮುಗಿದು ಒಂದೆರಡು ಬೇಸಿಗೆ ಕಳೆದಿದ್ದವು. ನಾನು ಉರ್ದುವಿನಲ್ಲಿ ಹೈಸ್ಕೂಲು ಮುಗಿಸಿ ತಹಶೀಲ ಕಚೇರಿಯಲ್ಲಿ ಕಾರಕೂನನಾಗಿದ್ದೆ. ನನ್ನ ಉರ್ದು ಅಕ್ಷರವನ್ನು ನಮ್ಮ ಮೇಲಿನ ಪೇಶ್ಕಾರರು ಬಂದವರಿಗೆಲ್ಲ ತೋರಿಸುತ್ತಿದ್ದ ದಿನಗಳಿದ್ದವು. ಸರ್ಕಾರ ಬದಲಾದ ಮೇಲೆ ಕಾಗದಗಳು ಮೆಲ್ಲಗೆ ಕನ್ನಡಕ್ಕೆ ತಿರುಗಿದವು. ಹುಟ್ಟಿನಿಂದ ಆಡಿದ ಮಾತು ನನ್ನದು, ಆದರೆ ಬರೆಯಲು ಕೂತರೆ ಕೈ ಉರ್ದುವಿನ ರೂಢಿಗೆ ಬಲಗಡೆಗೆ ಹೋಗಿ ನಿಲ್ಲುತ್ತಿತ್ತು. ಒತ್ತಕ್ಷರ ಎಲ್ಲಿ ಕೊಡಬೇಕು, ಎಲ್ಲಿ ಬೇಡ ಎಂಬುದು ತಿಳಿಯುತ್ತಿರಲಿಲ್ಲ.

ನನ್ನ ಹೆಂಡತಿ ಮಸ್ಕಿಯ ಹುಡುಗಿ. ಅವಳ ತಂದೆ ಮಠದಲ್ಲಿ ಪುರಾಣ ಓದುತ್ತಿದ್ದವರು, ಮಗಳಿಗೂ ಓದು ಬರಹ ಚೆನ್ನಾಗಿ ಕಲಿಸಿದ್ದರು. ನಾನು ಕಚೇರಿಯಿಂದ ತಂದ ಕಾಗದವನ್ನು ಅವಳು ರೊಟ್ಟಿ ಬಡಿಯುತ್ತಲೇ ನೋಡಿ, 'ಇಲ್ಲಿ ದೀರ್ಘ ಬರತೈತ್ರಿ' ಎಂದು ಹಿಟ್ಟಿನ ಬೆರಳು ತಾಗದಂತೆ ದೂರದಿಂದ ತೋರಿಸುತ್ತಿದ್ದಳು. ಅವಳ ಮಾತಿನಲ್ಲಿ ಹೀಯಾಳಿಕೆ ಇರಲಿಲ್ಲ. ಇದ್ದಿದ್ದರೆ ಬೈದು ಸುಮ್ಮನಾಗುತ್ತಿದ್ದೆನೋ ಏನೋ.

ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡದ ತರಗತಿ ಶುರುವಾದಾಗ ಕಲಿಸಲು ಹೆಂಗಸರೇ ಸಿಗಲಿಲ್ಲ. ಯಾರೋ ಅವಳ ಹೆಸರು ಹೇಳಿದರು. ಹಂಗಾಮಿಯಾಗಿ ಕೆಲಸ ಕೊಟ್ಟರು. ರಾಯಚೂರಿನಿಂದ ತಪಾಸಣೆಗೆ ಬರುವ ಅಧಿಕಾರಿ ಹೆಂಗಸು, ಎಲ್ಲರೂ ಬಾಯಿ ಎನ್ನುತ್ತಿದ್ದವರು, ಅವಳ ಪಾಠ ನೋಡಿ ಒಪ್ಪಿದರೆ ಕಾಯಂ ಆಗುವುದಿತ್ತು. ನಾನು ಬೇಡ ಎನ್ನಲಿಲ್ಲ. ಮನೆಗೆ ಇನ್ನೊಂದು ಪಗಾರ ಬರುವುದು ಯಾರಿಗೆ ಬೇಡ? ಆಗ ನಮಗೆ ಒಂದೇ ಮಗು, ಹಲ್ಲು ಮೂಡುತ್ತಿದ್ದ ಹೆಣ್ಣು ಕೂಸು. ನನ್ನ ಅವ್ವ ಮಸ್ಕಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಕೂಸನ್ನು ನೋಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹಿತ್ತಲ ಗೋಡೆಯಾಚೆ ಸಿಕ್ಕಿತು.

ನಮ್ಮ ಹಿತ್ತಲಿಗೂ ಹಿಂದಿನ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಕಲ್ಲುಗೋಡೆ. ಆಚೆಗೆ ಒಬ್ಬ ಮುಸಲ್ಮಾನ ವಿಧವೆ. ನಾವು ಖಾಲಾ ಎನ್ನುತ್ತಿದ್ದೆವು. ನಿಜಾಮರ ಆಳಿಕೆ ಮುಗಿದ ಗಲಾಟೆಯ ವರ್ಷ ಹೈದರಾಬಾದಿಗೆ ಹೋದ ಅವಳ ಮಗ ತಿರುಗಿ ಬಂದಿರಲಿಲ್ಲ. ಕೌದಿ ಹೊಲಿದು ಬದುಕುತ್ತಿದ್ದಳು. ಅದರ ಜೊತೆಗೆ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಹತ್ತಿ ಗಿರಣಿಗೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳ ಗಂಡು ಹುಡುಗ, ದವಾಖಾನೆಯ ಆಯಾಳ ಮಗಳು, ಈಗ ನಮ್ಮದು. ಅರ್ಧ ಹೊಲಿದ ಕೌದಿಯನ್ನೇ ಹಾಸಿ ಮಕ್ಕಳನ್ನು ಅದರ ಮೇಲೆ ಬಿಟ್ಟು, ಅಂಚಿನಿಂದ ಹೊಲಿಯುತ್ತ ಬರುತ್ತಿದ್ದಳು.

ನಮ್ಮ ಮನೆಯ ಬಾಗಿಲು ಒಂದು ಓಣಿಗೆ, ಅವಳ ಬಾಗಿಲು ಇನ್ನೊಂದು ಓಣಿಗೆ. ಮುಂದಿನ ಬಾಗಿಲಿನಿಂದ ಕೂಸನ್ನು ಎತ್ತಿಕೊಂಡು ಹೋದರೆ ಲಿಂಗವಂತರ ಕೂಸು ಸಾಬರ ಮನೆಗೆ ಹೋಗುವುದನ್ನು ಎರಡೂ ಓಣಿ ನೋಡಬೇಕಾಗುತ್ತಿತ್ತು. ಯಾರೂ ಬೇಡ ಎಂದಿರಲಿಲ್ಲ. ಕಣ್ಣಿಗೆ ಬಿದ್ದರೆ ಏನಾದರೂ ಅನ್ನಬೇಕಾಗುತ್ತದೆ, ಅದಕ್ಕೆ ಕಣ್ಣಿಗೆ ಬೀಳದಂತೆ ಇರುವುದೇ ಎಲ್ಲರಿಗೂ ಅನುಕೂಲ. ಹಾಗಾಗಿ ಕೂಸು ದಿನಾಲು ಗೋಡೆಯ ಮೇಲಿಂದ ಹೋಗುತ್ತಿತ್ತು, ಗೋಡೆಯ ಮೇಲಿಂದ ಬರುತ್ತಿತ್ತು. ಅದರ ಹಾಲು ನಮ್ಮ ಮನೆಯ ಗಿಂಡಿಯಲ್ಲೇ ಹೋಗುತ್ತಿತ್ತು. ಖಾಲಾ ಆ ಗಿಂಡಿಯನ್ನು ಎತ್ತರದ ಗೂಟಕ್ಕೆ ತೂಗು ಹಾಕಿ, ಬೇರೆ ಮಕ್ಕಳ ಕೈ ತಾಗದಂತೆ ಇಡುತ್ತಿದ್ದಳು. ಕೊರಳಲ್ಲಿ ಕಟ್ಟಿದ್ದ ಲಿಂಗದ ಗಂಟು ಜೊಲ್ಲಿನಿಂದ ನೆನೆದರೆ ನನ್ನ ಹೆಂಡತಿಯನ್ನು ಕರೆದು, 'ಬೇಟಿ, ಬಟ್ಟಿ ಬದಲಿ ಮಾಡು, ನಾ ಮುಟ್ಟಂಗಿಲ್ಲ' ಎನ್ನುತ್ತಿದ್ದಳು.

ಕಚೇರಿಯಲ್ಲಿ ನನಗೆ ಹೊಸ ಹೆಸರು ಬಂತು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತೇವೆ. ನಾನು ಅಕ್ಕೋರ ಗಂಡ ಆದೆ. ಮೊದಮೊದಲು ನಾನೂ ನಕ್ಕೆ.

ತಪಾಸಣೆಯ ಹಿಂದಿನ ದಿನ ನಾನು ಬರೆದ ಒಂದು ಕಾಗದವನ್ನು ಪೇಶ್ಕಾರರು ಎಲ್ಲರಿಗೂ ಕೇಳುವಂತೆ ಓದಿದರು. ತಪ್ಪು ಬಂದ ಕಡೆಯೆಲ್ಲ ನಿಂತು ನನ್ನ ಮುಖ ನೋಡಿದರು. ಕಡೆಗೆ ಕಾಗದವನ್ನು ನನ್ನ ಕಡೆ ದೂಡಿ, 'ಮನ್ಯಾಗ ಅಕ್ಕೋರಿಗೆ ತೋರ್ಸಿ ತರ್ರಿ, ನಮಗೂ ಕೆಲಸ ಕಡಿಮಿ ಆಗತೈತಿ' ಎಂದರು. ಎಲ್ಲರೂ ನಕ್ಕರು. ಕಾಗದ ಮಡಿಚಿ ಕೋಟಿನೊಳಗಿಟ್ಟುಕೊಂಡು, ತಲೆನೋವು ಎಂದು ಹೇಳಿ ಮಧ್ಯಾಹ್ನವೇ ಮನೆಗೆ ಬಂದೆ.

ಹೆಂಡತಿ ಸಾಲೆಯಲ್ಲಿದ್ದಳು. ನಾನು ಹಿತ್ತಲಲ್ಲಿ ಕಾಲು ತೊಳೆಯುವ ಸಪ್ಪಳ ಕೇಳಿ ಖಾಲಾ ಗೋಡೆಯ ಮೇಲಿಂದ ಇಣುಕಿದಳು.

'ಬಂದೀ ಏನು ತಮ್ಮಾ? ಛಲೋ ಆತು. ಈ ನಿಮ್ಮ ತಹಶೀಲದಾರ್ತಿನ ಸ್ವಲ್ಪ ಹಿಡಿ. ಮುಂಜಾನಿಂದ ಕೌದಿಗೆ ಒಂದು ಟಾಕಿ ಹಾಕಗೊಟ್ಟಿಲ್ಲ. ನಮಾಜ್ ಮುಗಿಸಿ ಬರ್ತೀನಿ.'

ನಾನು ಕೈ ಚಾಚಿ ತೆಗೆದುಕೊಂಡೆ. ಬೇಸರದಲ್ಲಿದ್ದೆ, ಸರಿಯಾಗಿ ಎತ್ತಲಿಲ್ಲ. ಕೂಸಿನ ಎದೆ ಗೋಡೆಯ ಕಲ್ಲಿಗೆ ಉಜ್ಜಿತು. ಜೊಲ್ಲು ಕುಡಿದು ಕೊಳೆತಿದ್ದ ದಾರ ಹರಿದು, ಲಿಂಗದ ಪುಟ್ಟ ಬಟ್ಟೆಯ ಗಂಟು ನನ್ನ ಅಂಗೈಗೆ ಬಿತ್ತು. ಖಾಲಾ ಆಗಲೇ ಒಳಗೆ ಹೋಗಿದ್ದಳು. ಸಂಜೆ ಮಠದ ಕಡೆ ಹೋಗಿ ಹೊಸ ದಾರ ತಂದು ಕಟ್ಟಿದರಾಯಿತು ಎಂದುಕೊಂಡು ಗಂಟನ್ನು ಕೋಟಿನ ಒಳಜೇಬಿಗೆ ಹಾಕಿದೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಖಾಲಾ ಬಂದಳು, ಕೂಸನ್ನು ಕೊಟ್ಟೆ, ತಲೆನೋವು ಇಳಿಯಿತೆಂದು ಕಚೇರಿಗೆ ಹಿಂತಿರುಗಿದೆ, ಮರೆತೆ.

ಸಂಜೆ ಮನೆಗೆ ಬಂದರೆ ಮಸ್ಕಿಯಿಂದ ಅವ್ವ ಬಂದಿದ್ದಳು. ಮೊಮ್ಮಗಳನ್ನು ನೋಡಬೇಕೆನಿಸಿತಂತೆ, ಮೋಟಾರು ಹತ್ತಿದ್ದಳು. ಕೂಸಿಗೆ ಎಣ್ಣೆ ಹಚ್ಚಲೆಂದು ಕಾಲ ಮೇಲೆ ಮಲಗಿಸಿಕೊಂಡು ಅಂಗಿ ಬಿಚ್ಚಿದಳು. ಕೈ ಅಲ್ಲೇ ನಿಂತಿತು.

'ಕೂಸಿನ ಲಿಂಗ ಎಲ್ಲೈತಿ?'

ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. ಅಂಗಿ ಜಾಡಿಸಿದಳು, ತೊಟ್ಟಿಲ ಬಟ್ಟೆ ತೆಗೆದು ನೋಡಿದಳು. 'ಮುಂಜಾನೆ ಇತ್ರಿ ಅತ್ತಿ. ನಾನ ಗಂಟು ಬಿಗಿ ಮಾಡೀನಿ.'

'ಇಷ್ಟೊತ್ತು ಕೂಸು ಎಲ್ಲಿತ್ತು?'

ಹೆಂಡತಿ ಹಿತ್ತಲ ಕಡೆ ನೋಡಿದಳು.

ನಮ್ಮ ಮನೆತನಗಳಲ್ಲಿ ಲಿಂಗವೆಂದರೆ ಏನೆಂದು ಇಂದಿನ ಹುಡುಗರಿಗೆ ಹೇಳಬೇಕಾಗುತ್ತದೆ. ಹುಟ್ಟಿದ ಕೂಸಿಗೆ ಅಯ್ಯನವರು ಬಂದು ಕಟ್ಟಿದ ಲಿಂಗ ಸಾಯುವತನಕ ಮೈಯಿಂದ ಅಗಲಬಾರದು. ಅಗಲಿದರೆ ಅದು ಸಿಗುವತನಕ, ಇಲ್ಲವೇ ಅಯ್ಯನವರು ಬಂದು ಮತ್ತೊಂದು ಕಟ್ಟುವತನಕ ಬಾಯಿಗೆ ನೀರು ಮುಟ್ಟಿಸಬಾರದು. ಅವ್ವ ಅದನ್ನು ಅಕ್ಷರಶಃ ನಂಬಿದವಳು.

ನನ್ನ ಬೆರಳು ಜೇಬಿನಲ್ಲಿ ಆ ಗಂಟನ್ನು ಮುಟ್ಟುತ್ತಿತ್ತು. 'ಇಲ್ಲೈತಿ ಬೇ ಅವ್ವಾ' ಎಂದರೆ ಮುಗಿಯುತ್ತಿತ್ತು. ಮೊದಲ ಗಳಿಗೆ ಹೇಳದಿದ್ದದ್ದು ಅಂಜಿಕೆಗೆ. ಲಿಂಗ ಜೇಬಿನಾಗ ಹಾಕ್ಕೊಂಡು ಊರು ತಿರುಗೀಯೇನು ಎಂದು ಬೈಯುತ್ತಾಳೆ, ಹೆಂಡತಿಯ ಎದುರು ಬೈಸಿಕೊಳ್ಳಬೇಕು ಎಂದು. ಆಮೇಲೆ ಅವ್ವನ ಕಣ್ಣು ಹಿತ್ತಲ ಗೋಡೆಯ ಕಡೆ ಹೊರಳಿದ್ದನ್ನು ಕಂಡೆ. ನಾಳೆ ಕೂಸು ಆ ಗೋಡೆ ದಾಟುವುದಿಲ್ಲ ಎಂದು ನನಗೆ ಹೊಳೆಯಿತು. ಕೂಸು ದಾಟದಿದ್ದರೆ ಇವಳು ಸಾಲೆಗೆ ಹೋಗುವುದಿಲ್ಲ. ಅದು ಹೊಳೆದಾಗ ಒಳಗೊಳಗೆ ಖುಷಿಯಾಯಿತು. ಆ ಖುಷಿಯನ್ನು ನಾನು ಮರೆತಿಲ್ಲ.

ಕೂಗಾಟ ಕೇಳಿ ಖಾಲಾ ಗೋಡೆಯ ಹತ್ತಿರ ಬಂದಳು. ಅವ್ವ ಅಲ್ಲಿಂದಲೇ ಕೇಳಿದಳು. 'ನಮ್ಮ ಕೂಸಿನ ಲಿಂಗ ಏನ್ ಮಾಡ್ದಿ?'

'ಅಲ್ಲಾನ ಆಣಿ ಯವ್ವಾ, ನಾ ಮುಟ್ಟೋದ ಇಲ್ಲ. ನಿಮ್ಮ ಸೊಸಿನ ಕೇಳ್ರಿ. ಮಧ್ಯಾಹ್ನದ ತನಕ ಕೊಳ್ಳಾಗ ಇತ್ತು, ನಾನ ನೋಡೀನಿ.' ಅಷ್ಟರಲ್ಲಿ ಅವಳಿಗೆ ನೆನಪಾಯಿತು. ಮುಖ ಅರಳಿತು. 'ನಮಾಜಿನ ಹೊತ್ತಿಗೆ ತಮ್ಮನ ಕೈಗೆ ಕೊಟ್ಟಿದ್ದೆ. ತಮ್ಮಾ, ನೀ ಹಿಡಿದಾಗ ಇತ್ತಲ್ಲ? ಹೇಳು ನಿಮ್ಮ ಅವ್ವಗ.'

ಮೂವರೂ ನನ್ನನ್ನು ನೋಡಿದರು. ಖಾಲಾ ನಾನು ಅವಳನ್ನು ಬಿಡಿಸುತ್ತೇನೆಂದು ನಂಬಿ ಕಾಯುತ್ತಿದ್ದಳು.

'ಇತ್ತು,' ಎಂದೆ. 'ತಿರುಗಿ ಕೊಡೂವಾಗೂ ಇತ್ತು.'

ಆ ಮಾತಿನಿಂದ ಲಿಂಗ ಕಳೆದದ್ದು ಅವಳ ಮನೆಯಲ್ಲೇ ಎಂದಾಯಿತು. ಖಾಲಾ ಗೋಡೆ ಬಿಟ್ಟು ತಿರುಗಿದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಹಿತ್ತಲಿನಿಂದ ಸಾಮಾನು ಎಳೆಯುವ ಸಪ್ಪಳ ಕೇಳತೊಡಗಿತು. ಕೌದಿಗಳನ್ನು ತಂದು ಜಾಡಿಸಿದಳು. ಜೋಳದ ಗಡಿಗೆಯನ್ನು ನೆಲಕ್ಕೆ ಸುರಿದು ಕೈಯಾಡಿಸಿದಳು. ಒಲೆಯ ಬೂದಿಯನ್ನು ಮೊರಕ್ಕೆ ತೆಗೆದು ಕೇರಿದಳು. ಬೂದಿಯಲ್ಲಿ ಸಿಗದಾಗ, ಒಲೆಯ ಸಂದಿನಲ್ಲಿ ಬಿದ್ದಿರಬಹುದೆಂದು ಒಲೆಯನ್ನೇ ಒಡೆದಳು. ನಾನು ಈಚೆ ನಿಂತು ನೋಡಿದೆ. ನನ್ನ ಹೆಂಡತಿ ಗೋಡೆ ಹಿಡಿದು, 'ಸಾಕು ಖಾಲಾ, ಬಿಡ್ರಿ ಖಾಲಾ' ಎನ್ನುತ್ತಿದ್ದಳು.

ಅಂದು ಅವ್ವ ಉಣ್ಣಲಿಲ್ಲ. ಕೂಸಿಗೂ ಹಾಲು ಕೊಡಕೂಡದೆಂದಳು. ಮರುದಿನ ಮಠದಿಂದ ಅಯ್ಯನವರನ್ನು ಕರೆತರುವತನಕ ಏನೂ ಇಲ್ಲ. ಕೂಸು ಅಳತೊಡಗಿತು. ನನ್ನ ಹೆಂಡತಿ ಅದುವರೆಗೆ ಅತ್ತೆಯ ಮಾತಿಗೆ ಎದುರಾಡಿದವಳಲ್ಲ. ಅಂದು ಕೂಸನ್ನೆತ್ತಿಕೊಂಡು ಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು. ಅಳು ನಿಂತಿತು. ಹೊರಗೆ ಬಂದಾಗ ನನ್ನನ್ನು ನೋಡಿ, 'ಬೆವರಾಕತ್ತೀರಿ, ಕೋಟು ತೆಗೀರಿ' ಎಂದಳು. ತೆಗೆಯಲಿಲ್ಲ. ಆ ಸೆಕೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದೆ.

ಬೆಳಗಾಯಿತು. ತಪಾಸಣೆಯ ದಿನ. ಅವಳು ತಲೆ ಬಾಚಿ ಒಳ್ಳೆಯ ಸೀರೆ ಉಟ್ಟು ಅತ್ತೆಯ ಮುಂದೆ ಬಂದು ಕೂತಳು.

'ನಾಳಿಂದ ನೀವು ಹೆಂಗ ಅಂತೀರಿ ಹಂಗ ಆಗ್ಲಿ. ಇವತ್ತೊಂದಿನ ಕೂಸಿನ ಹಿಡೀರಿ ಅತ್ತಿ.'

'ನಾ ಹಿಡಿಯಂಗಿಲ್ಲ. ಇವತ್ತು ಹಿಡಿದ್ರ ನೀ ನಾಳೆನೂ ಹೋಗ್ತಿ.'

ಅವಳು ಎದ್ದು ಹಿತ್ತಲಿಗೆ ಹೋಗಿ ಖಾಲಾಳನ್ನು ಕರೆದಳು. ಖಾಲಾ ಗೋಡೆಯ ಹತ್ತಿರ ಬಂದಳು, ಕೈ ಮಾತ್ರ ಚಾಚಲಿಲ್ಲ. 'ಬ್ಯಾಡ ಬೇಟಿ. ಇವತ್ತು ಕೂಸಿಗೆ ಒಂದು ಸೀನು ಬಂದ್ರೂ ನನ್ನ ಮ್ಯಾಲೆ ಬರತೈತಿ. ಒಲಿ ಸೈತ ಇಲ್ಲ ನನ್ನ ಮನ್ಯಾಗ.'

ಆಮೇಲೆ ನನ್ನ ಹತ್ತಿರ ಬಂದಳು. 'ರೀ, ಮಧ್ಯಾಹ್ನದ ತನಕ ನೀವು ಇರ್ರಿ. ಕಚೇರಿಗೆ ಒಂದು ಚಿಟ್ಠಿ ಬರದು ಕಳಿಸ್ರಿ.'

'ಕನ್ನಡದಾಗ ಬರೀಬೇಕಲ್ಲ ಚಿಟ್ಠಿ,' ಎಂದೆ.

ಅವಳಿಗೆ ನನ್ನ ಕೊಂಕು ಅರ್ಥವಾಯಿತೋ ಇಲ್ಲವೋ. 'ನಾ ಬರದು ಕೊಡ್ತೀನಿ, ತರ್ರಿ ಕಾಗದ,' ಎಂದಳು.

'ಬ್ಯಾಡ' ಎಂದು ಚಪ್ಪಲಿ ಮೆಟ್ಟಿ ಹೊರಟೆ.

ಕಚೇರಿಗೂ ಸಾಲೆಗೂ ನಡುವೆ ಒಂದು ಬಯಲಷ್ಟೇ. ಕಿಟಕಿಯ ಹತ್ತಿರ ನನ್ನ ಮೇಜು. ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಯಲು ದಾಟಿದ್ದನ್ನು ಕಂಡೆ. ಪಡಸಾಲೆಯ ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿದ್ದೂ ಕಂಡಿತು. ಸ್ವಲ್ಪ ಹೊತ್ತಿಗೆ ಜಟಕಾದಲ್ಲಿ ತಪಾಸಣೆಯ ಬಾಯಿ ಬಂದು ಇಳಿದರು. ಪಾಠ ಶುರುವಾಯಿತು. ಅವಳ ದನಿಗೆ ಹುಡುಗಿಯರು ಒಟ್ಟಾಗಿ ದನಿಗೂಡಿಸುವುದು ನಮ್ಮ ತನಕ ಕೇಳುತ್ತಿತ್ತು. ಆಮೇಲೆ ಕೂಸು ಎಚ್ಚರವಾಯಿತು.

ಮೊದಲು ಕುಂಯ್ ಎಂದದ್ದು ಬರಬರುತ್ತ ಕಿರುಚಾಟವಾಯಿತು. ಹುಡುಗಿಯರ ದನಿ ನಿಂತು ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಅಧಿಕಾರಿಯ ಎದುರು ಅವಳು ಎದೆಗೆ ಹಾಕಿಕೊಳ್ಳುವಂತಿರಲಿಲ್ಲ. ಪಕ್ಕದ ಮೇಜಿನವನು ಲೇಖಣಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ. 'ಏನ್ರಿ ಅಕ್ಕೋರ ಗಂಡ, ನಿಮ್ಮ ಮನಿ ಪಾಠ ಇಲ್ಲಿ ತನಕ ಕೇಳಾಕತ್ತೈತಿ.' ಪೇಶ್ಕಾರರೂ ತಲೆಯೆತ್ತಿ, 'ಹೋಗಿ ನೋಡ್ರಿ ಒಮ್ಮಿ' ಎಂದರು.

ನಾನು ಬಯಲು ದಾಟಿದೆ. ಹೋಗುವಾಗ ಕೂಸನ್ನು ಎತ್ತಿಕೊಂಡು ಬಂದುಬಿಡಬೇಕು ಎಂದೇ ಅಂದುಕೊಂಡಿದ್ದೆ ಎಂದು ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಈಗ ನಿಜ ಹೇಳಬೇಕು, ಏನು ಅಂದುಕೊಂಡಿದ್ದೆನೋ ನನಗೇ ಗೊತ್ತಿಲ್ಲ.

ಬಾಯಿ ಪಡಸಾಲೆಯಲ್ಲಿ ನಿಂತಿದ್ದರು. ನನ್ನ ಹೆಂಡತಿ ಒಂದು ಕೈಯಲ್ಲಿ ಕೂಸನ್ನು ಹಿಡಿದಿದ್ದಳು, ಇನ್ನೊಂದರಲ್ಲಿ ಸೀಮೆಸುಣ್ಣದ ಖಡು.

'ಪಾಠ ಛಲೋ ಹೇಳ್ತೀರಮ್ಮ,' ಎನ್ನುತ್ತಿದ್ದರು ಬಾಯಿ. 'ಆದ್ರ ಕೂಸಿನ ನೋಡಾಕ ಮನ್ಯಾಗ ಯಾರೂ ಇಲ್ಲೇನು?'

'ಅದಾರ್ರಿ. ದಿನಾ ಬಿಟ್ಟು ಬರ್ತೀನ್ರಿ. ಇವತ್ತೊಂದಿನ...' ಎನ್ನುವಾಗ ಅವಳು ನನ್ನನ್ನು ಕಂಡಳು. ಆ ಮುಖ ಒಮ್ಮೆಲೆ ಹಗುರಾಯಿತು. 'ನಮ್ಮವರು ಬಂದ್ರು ನೋಡ್ರಿ' ಎಂದು ಎರಡು ಹೆಜ್ಜೆ ಮುಂದೆ ಬಂದು ಕೂಸನ್ನು ನನ್ನ ಕಡೆ ಚಾಚಿದಳು.

ನಾನು ಕೈ ಚಾಚಲಿಲ್ಲ.

'ಅವ್ವ ಕರ್ಯಾಕತ್ತಾಳ. ಅಯ್ಯನವರು ಬಂದಾರ. ನಡಿ ಮನಿಗೆ,' ಎಂದೆ. ಅಯ್ಯನವರು ಬಂದಿರಲಿಲ್ಲ.

ಅವಳ ಕೈಗಳು ಕೂಸಿನ ಸಮೇತ ಹಾಗೇ ಗಾಳಿಯಲ್ಲಿದ್ದವು. ತಪಾಸಣೆಯ ಬಾಯಿ ಕೆಟ್ಟವರಲ್ಲ. 'ಹೋಗ್ರಮ್ಮಾ, ಮನಿ ಮೊದಲ' ಎಂದು ಮೆತ್ತಗೆ ಹೇಳಿದರು. ಅವಳು ಖಡುವನ್ನು ಹಲಗೆಯ ಕೆಳಗೆ ಇಟ್ಟು, ಕೈಯ ಬಿಳಿಪುಡಿಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಿಂದೆ ಬಂದಳು. ತಿಂಗಳೊಪ್ಪತ್ತಿನಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದರು.

ಅಯ್ಯನವರು ಬಂದದ್ದು ಸಂಜೆಗೆ. ಹೊಸ ಲಿಂಗ ಕಟ್ಟಿದರು. ಹಳೆಯದು ಸಿಕ್ಕರೆ ತಂದುಕೊಡಿ ಎಂದು ಹೇಳಿ ಹೋದರು. ಆಮೇಲೆ ಅವ್ವನನ್ನು ಮಸ್ಕಿಗೆ ಬಿಟ್ಟು ಬರಲು ಹೋದಾಗ, ಯಾರೂ ಇಲ್ಲದ್ದು ನೋಡಿ, ಗಂಟನ್ನು ಮಸ್ಕಿಯ ಹಳ್ಳದಲ್ಲಿ ನೀರಿದ್ದ ಕಡೆ ಬಿಟ್ಟೆ. ಅವ್ವ ದಾರಿಯುದ್ದಕ್ಕೂ ಸಮಾಧಾನದಲ್ಲಿದ್ದಳು. ಸೊಸೆ ಇನ್ನು ಮನೆಯಲ್ಲಿರುತ್ತಾಳೆ ಎಂದು.

ಇಷ್ಟರಲ್ಲೇ ಮುಗಿದಿದ್ದರೆ ಒಂದು ಮನೆಯ ಮಾತಾಗುತ್ತಿತ್ತು. ಬಟ್ಟೆಯ ಗಂಟಿನಲ್ಲಿದ್ದ ಲಿಂಗ ಓಣಿಯ ಬಾಯಲ್ಲಿ ಬೆಳ್ಳಿ ಕರಡಿಗೆಯದಾಯಿತು. ಕಳೆದದ್ದು ಕದ್ದದ್ದಾಯಿತು. ಗಿರಣಿಯ ಹೆಣ್ಣುಮಗಳು ಬಾವಿಯ ಹತ್ತಿರ ನನ್ನ ಹೆಂಡತಿಗೆ ಹೇಳಿದಳಂತೆ. 'ಅಕ್ಕೋರ, ದೇವರಂಥಾದ್ದು ಬಿಡಲಿಲ್ಲ ಅಂದಮ್ಯಾಲೆ ನನ್ನ ಹುಡುಗನ ಉಡದಾರ ಬಿಡ್ತಾಳೇನ್ರಿ?' 'ಖಾಲಾ ಅಂಥಾಕಿ ಅಲ್ಲ' ಎಂದಳಂತೆ ಇವಳು. 'ಮತ್ತ ಎಲ್ಲಿ ಹೋತು ಹೇಳ್ರಿ' ಎಂದಳಂತೆ ಅವಳು. ಉತ್ತರ ಗೊತ್ತಿದ್ದವನು ನಾನು, ಆ ಗಂಟನ್ನು ಹಳ್ಳಕ್ಕೆ ಬಿಟ್ಟು ಬಂದಿದ್ದೆ.

ಆ ಹೆಣ್ಣುಮಗಳು ಹುಡುಗನನ್ನು ಕೆಲವು ದಿನ ಮನೆಯಲ್ಲಿ ಹೊರಸು ಮಂಚದ ಕಾಲಿಗೆ ಸೀರೆಯ ಅಂಚಿನಿಂದ ಕಟ್ಟಿ ಹೋದಳು. ಎಳೆದೆಳೆದು ಹುಡುಗನ ಕಾಲು ಗಾಯವಾಯಿತು. ಗಿರಣಿಗೆ ಕರೆದುಕೊಂಡು ಹೋದರೆ ಮೇಸ್ತ್ರಿ ಒಳಗೆ ಬಿಡಲಿಲ್ಲ. ಹತ್ತಿಯ ಹಂಗಾಮು ಜೋರಾಗಿರುವಾಗಲೇ ಕೆಲಸ ಬಿಟ್ಟಳು. ದವಾಖಾನೆಯ ಆಯಾ ತನ್ನ ಮಗಳನ್ನು ತವರಿಗೆ ಕಳಿಸಿದಳು. ಹಿತ್ತಲಿಗೆ ಹೋದಾಗಲೆಲ್ಲ ಗೋಡೆಯಾಚೆ ಮಕ್ಕಳ ಸಪ್ಪಳ ಇಲ್ಲದ್ದು ನನಗೆ ಕೇಳುತ್ತಿತ್ತು.

ನಾಲ್ಕೈದು ವರ್ಷ ಕಳೆದು ನನಗೆ ಸಿಂಧನೂರಿಗೆ ವರ್ಗವಾಯಿತು. ಅಷ್ಟರಲ್ಲಿ ನನ್ನ ಕನ್ನಡ ಅಕ್ಷರ ಸುಧಾರಿಸಿತ್ತು, ಅಕ್ಕೋರ ಗಂಡ ಎನ್ನುವವರು ಇರಲಿಲ್ಲ. ಮಗಳು ಸಾಲೆಗೆ ಹೋಗುತ್ತಿದ್ದಳು, ಇನ್ನೊಂದು ಮಗುವಾಗಿತ್ತು, ಗಂಡು. ಕಾಲುವೆ ಬರುತ್ತದೆಂದು ಆ ಊರು ಬೆಳೆಯುತ್ತಿತ್ತು. ಹೆಣ್ಣುಮಕ್ಕಳ ಸಾಲೆಗೆ ಅಕ್ಕೋರು ಬೇಕೆಂದು ಹೆಡ್‌ಮಾಸ್ತರರು ತಾವೇ ಮನೆಗೆ ಬಂದು ಕೇಳಿದರು. 'ಹೋಗು' ಎಂದೆ. ಮನಸ್ಸಿನಿಂದಲೇ ಅಂದೆ.

'ಇದನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?' ಎಂದು ತೊಡೆಯ ಮೇಲಿನ ಹುಡುಗನನ್ನು ತೋರಿಸಿದಳು.

ನಾನೇ ಹುಡುಕಲು ಹೊರಟೆ. ಮೂರ್ನಾಲ್ಕು ಮನೆಯಲ್ಲಿ ಕೇಳಿದೆ. ಕಡೆಗೆ ಒಬ್ಬಂಟಿ ಮುದುಕಿಯೊಬ್ಬಳು ಬಾಗಿಲಲ್ಲೇ ನಿಂತು ಹೇಳಿದಳು. 'ಬ್ಯಾಡ್ರಿ ಯಪ್ಪಾ. ನಿಮ್ಮಂಥ ಮನಿ ಕೂಸು. ನಾಳೆ ಅದರ ಮೈಮ್ಯಾಲಿಂದು ಏನಾರ ಕಳೀತಂದ್ರ ಮೊದಲ ನನ್ನ ಮನಿ ಕೆದರ್ತೀರಿ.'

ಅವಳಿಗೆ ನನ್ನ ಕತೆ ಗೊತ್ತಿರಲಿಲ್ಲ. ಇಂಥದ್ದು ಎಲ್ಲ ಕಡೆ ನಡೆಯುತ್ತದೆ, ಅದಕ್ಕೇ ಅಂದಳು. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದೆ. ಹೆಂಡತಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ, ಜೇಬಿನಿಂದ ಹಳ್ಳದವರೆಗೆ.

ಮೊರದ ಮೇಲೆ ಅವಳ ಕೈ ನಿಂತಿತ್ತು. ಬೈಯುತ್ತಾಳೆಂದು ಕಾದೆ. ಮೊರ ಕೆಳಗಿಟ್ಟು ಕೇಳಿದಳು, 'ಖಾಲಾಗ ಹೇಳೀರೇನು?'

'ಇಲ್ಲ.'

'ನಾಳೆ ಮೊದಲ ಮೋಟಾರಿಗೆ ಹೋಗೋಣು.'

ಹುಡುಗನನ್ನು ಎತ್ತಿಕೊಂಡು ಲಿಂಗಸುಗೂರಿಗೆ ಹೋದೆವು. ಮೊದಲ ಸಲ ಖಾಲಾಳ ಮನೆಗೆ ಮುಂದಿನ ಬಾಗಿಲಿನಿಂದ ಹೋದೆವು. ಅವಳು ಒಬ್ಬಳೇ ಕೌದಿ ಹೊಲಿಯುತ್ತಿದ್ದಳು. ಸೊರಗಿದ್ದಳು. ನನ್ನ ಹೆಂಡತಿಯನ್ನು ಕಂಡು ನಕ್ಕಳು, ಹುಡುಗನ ಗಲ್ಲ ಹಿಡಿಯಲು ಹೋಗಿ ಕೈ ಹಿಂದೆ ತೆಗೆದುಕೊಂಡಳು. ನಾನು ನಿಂತೇ ಹೇಳಿ ಮುಗಿಸಿದೆ. ಅವಳು ದಾರ ಎಳೆಯುವುದನ್ನು ನಿಲ್ಲಿಸಲಿಲ್ಲ.

'ನಾ ಒಲಿ ಒಡೆಯೂಮುಂದ ನೀ ಅಲ್ಲೇ ನಿಂತಿದ್ದಿ,' ಎಂದಳು.

'ಹೌದು.'

'ನೋಡಾಕತ್ತಿದ್ದಿ.'

'ಹೌದು. ತಪ್ಪಾತು ಖಾಲಾ.'

ಅವಳು ದಾರವನ್ನು ಹಲ್ಲಿನಿಂದ ಕಡಿದಳು. 'ನನಗ ಯಾಕ ಹೇಳ್ತಿ ತಮ್ಮಾ? ನಾ ತಗೊಂಡಿಲ್ಲ ಅಂತ ನನಗ ಮೊದಲ ಗೊತ್ತೈತಿ. ಓಣಿಗೆ ಹೇಳು.'

ನಾನು ಬಾಗಿಲಿನ ತನಕ ಹೋದೆ. ಎದುರು ಕಟ್ಟೆಯ ಮೇಲೆ ನಾಲ್ಕು ಗಂಡಸರು ಕೂತಿದ್ದರು, ಅವರಲ್ಲೊಬ್ಬ ನಮ್ಮ ಕಚೇರಿಯ ಜವಾನ. 'ಓಹೋ, ಬರ್ರಿ ಸಾಹೇಬ್ರ, ಯಾವಾಗ ಬಂದ್ರಿ?' ಎಂದ. 'ಈಗ' ಎಂದೆ. ಹೊಸ್ತಿಲಲ್ಲೇ ನಿಂತೆ.

ನನ್ನ ಹೆಂಡತಿ ಹಿಂದಿನಿಂದ ಬಂದು, 'ಹಿಡೀರಿ' ಎಂದು ಹುಡುಗನನ್ನು ನನ್ನ ಕೈಗೆ ಕೊಟ್ಟಳು. ಸೆರಗು ಬಿಗಿದು ಓಣಿಗಿಳಿದಳು. ಮೊದಲು ಕಟ್ಟೆಯವರಿಗೆ ಹೇಳಿದಳು, ಹುಡುಗಿಯರಿಗೆ ಪಾಠ ಹೇಳುತ್ತಿದ್ದ ಅದೇ ದನಿಯಲ್ಲಿ, ಒಂದೊಂದು ಮಾತೂ ತಿಳಿಯುವಂತೆ. 'ಲಿಂಗ ನಮ್ಮ ಮನಿಯವರ ಜೇಬಿನಾಗ ಇತ್ತು. ಖಾಲಾ ತಗೊಂಡಿರಲಿಲ್ಲ. ನಮ್ಮ ಮನಿಯವರು ಸುಳ್ಳು ಹೇಳಿದ್ರು.' ಆಮೇಲೆ ಒಂದೊಂದೇ ಮನೆಯ ಮುಂದೆ ನಿಂತು ಹೇಳುತ್ತ ಹೋದಳು. ಜವಾನ ನನ್ನ ಕಡೆ ನೋಡಿ ಕಣ್ಣು ಬೇರೆ ಕಡೆ ಮಾಡಿದ. ಹುಡುಗ ನನ್ನ ಕೈಯಲ್ಲಿ ಅಳುತ್ತಿದ್ದ, ಸುಮ್ಮನಾಗಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಓಣಿಯ ತುದಿಯಲ್ಲಿ ಗಿರಣಿಯ ಹೆಣ್ಣುಮಗಳ ಮನೆ. ಅವಳು ಸೆಗಣಿ ಕೈಯಲ್ಲೇ ಹೊರಗೆ ಬಂದು ಎಲ್ಲ ಕೇಳಿದಳು. 'ಈಗ ಹೇಳಿದ್ರ ಏನ್ ಮಾಡ್ಲಿ ಅಕ್ಕೋರ?' ಎಂದಳು. 'ನನ್ನ ಹುಡುಗ ದೊಡ್ಡಾಂವ ಆಗ್ಯಾನ, ದನದ ಹಿಂದ ಹೋಗ್ಯಾನ. ಗಿರಣ್ಯಾಗ ನನ್ನ ಜಾಗಾಕ್ಕ ಬ್ಯಾರೆದಾಕಿ ಬಂದಾಳ.' ಸಿಟ್ಟಿನಿಂದ ಹೇಳಲಿಲ್ಲ. ಸೆಗಣಿ ಒಣಗುತ್ತಿದೆ ಎನ್ನುವಂತೆ ಕೈ ನೋಡಿಕೊಂಡು ಒಳಗೆ ಹೋದಳು.

ತಿರುಗಿ ಬರುವಾಗ ಮೋಟಾರಿನಲ್ಲಿ ಹೆಂಡತಿ ಮುಂದೆ ಹೆಂಗಸರ ಕಡೆ ಕೂತಿದ್ದಳು, ಹುಡುಗ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದ. ಮಸ್ಕಿಯಲ್ಲಿ ಗಾಡಿ ನಿಂತಾಗ ಹಿಂದಕ್ಕೆ ತಿರುಗಿ, 'ಹೆಡ್‌ಮಾಸ್ತರಗ ಬರಂಗಿಲ್ಲ ಅಂತ ಹೇಳಿಬಿಡ್ರಿ' ಎಂದಳು. ಅರ್ಧ ದಿನ ನಾನೇ ಮನೆಯಲ್ಲಿರುತ್ತೇನೆ, ರಜೆ ಹಾಕುತ್ತೇನೆ, ಏನಾದರೂ ಮಾಡೋಣ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಬಾಯಿಗೆ ಬಂದು ತಡೆದದ್ದೂ ಅಲ್ಲ. ಅಂಥ ಒಂದು ದಾರಿ ಇದೆ ಎಂದು ಹೊಳೆಯಲೇ ಇಲ್ಲ. ಹೊಳೆದದ್ದು ಮೊಮ್ಮಕ್ಕಳಾದ ಮೇಲೆ.

ಮರುದಿನ ಹೆಡ್‌ಮಾಸ್ತರರ ಮನೆಗೆ ಹೋದೆ. ಅವರು ಕುರ್ಚಿ ಹಾಕಿ ಕೂರಿಸಿ, ಯಾವತ್ತಿನಿಂದ ಬರುತ್ತಾರೆ ಎಂದು ಕೇಳಿದರು. ಬರುವುದಿಲ್ಲ, ಮಗು ಇನ್ನೂ ಸಣ್ಣದು ಎಂದೆ. ಅವರು ತಲೆಯಾಡಿಸಿ, 'ಖರೆ ಅದ, ತಾಯಿ ಜೀವ' ಎಂದರು. ನಾನು ಅವರು ಕೊಟ್ಟ ಚಹಾ ಕುಡಿದು ಕಚೇರಿಗೆ ಹೋದೆ.